ಪರಾಂಬರಿಸುವವರನ್ನೂ ಪರಾಂಬರಿಸಿ



ಕೆಜಿಎಫ್, ಬಂಗಾರಪೇಟೆ ಕಡೆಯ ಮನೆಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ಇಂಟರ್‌ವ್ಯೂ ಆಯ್ತು, ಆಫರ್ ಲೆಟರೂ ಬಂತು, ಬಿಜಿವಿ ಒಂದು ಬಾಕಿ ಇದೆ.’ ಬಿಜಿವಿ ಎಂದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ಹಿನ್ನೆಲೆ ಪರಿಶೀಲನೆ. ಕೆಲಸಕ್ಕೆ ಅರ್ಜಿ ಹಾಕಿದವರು ತಮ್ಮ ಓದು, ಹಿಂದಿನ ನೌಕರಿ, ವಿಳಾಸಗಳ ಬಗ್ಗೆ ಹೇಳಿದ್ದು ನಿಜವೇ, ಅವರ ಮೇಲೆ ಪೊಲೀಸು, ಕೋರ್ಟು, ಕೇಸು ಏನಾದರೂ ಇದೆಯೇ ಎಂದು ವಿಚಾರಿಸುವ ಕೆಲಸ ಇದು. ಬಹಳಷ್ಟು ಕಂಪನಿಗಳು ಇದನ್ನು ತಾವೇ ಮಾಡುವುದಿಲ್ಲ. ಇದಕ್ಕೆಂದೇ ಇರುವ ಖಾಸಗಿ ಸಂಸ್ಥೆಗಳಿಗೆ ವಹಿಸಿಬಿಡುತ್ತವೆ. ಆ ಸಂಸ್ಥೆಯವರ ಕೆಲಸ ಚೊಕ್ಕವಾಗಿದ್ದರೆ ಮಾಲೀಕರಿಗೂ ಕ್ಷೇಮ, ಕೆಲಸ ಹುಡುಕುವವರಿಗೂ ಕ್ಷೇಮ. ಕಾಟಾಚಾರಕ್ಕೆ ಮಾಡಿದರೆ ಸುಳ್ಳುಗಾರ ಒಳಗೆ ಬರುತ್ತಾನೆ, ಪ್ರಾಮಾಣಿಕರು ಬಾಗಿಲಲ್ಲೇ ಉಳಿಯುತ್ತಾರೆ. ಹಾಗಾದರೆ ನಂಬಬಹುದಾದ ಸಂಸ್ಥೆಯನ್ನು ಆರಿಸುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕೆಲಸಗಾರನ ಗುರುತು ಹಿಡಿಯುವ ಪ್ರಶ್ನೆ ಕೆಜಿಎಫ್‌ಗೆ ಹೊಸದೇನಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಒಂದೊಂದಾಗಿ ಗಣಿಗಳು ಬೆಳೆದವು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಗಳಿಂದ ಸಾವಿರಾರು ಜನ ಬಂದರು. ಚಿನ್ನ ತೆಗೆಯುವ ಜಾಗವಾದ್ದರಿಂದ ಕಳ್ಳತನದ ಭಯ ಆಡಳಿತವನ್ನು ಬಿಟ್ಟಿರಲಿಲ್ಲ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಇಡೀ ಗಣಿಪ್ರದೇಶ ಮುಷ್ಕರಕ್ಕೆ ಇಳಿಯಿತು. ಮಾನ್ಯತೆ ಪಡೆದ ಕಾರ್ಮಿಕ ಸಂಘ ಒಂದೂ ಇಲ್ಲದ ಕಾಲ ಅದು. ಬೆರಳಚ್ಚು ಎಂದರೆ ಪೊಲೀಸರು ಅಪರಾಧಿಗಳಿಂದ ಪಡೆಯುವಂಥದ್ದು ಎಂಬ ಭಾವನೆ ಜನರಲ್ಲಿತ್ತು. ಒಂದು ಗಣಿಯಲ್ಲಿ ಹೆಸರು ಕೆಟ್ಟರೆ ಇನ್ನೊಂದರಲ್ಲೂ ಬಾಗಿಲು ಮುಚ್ಚುತ್ತದೆ ಎಂಬ ಆತಂಕ ಅದರ ಜೊತೆಗಿತ್ತು.

ಈಗ 2006ಕ್ಕೆ ಬನ್ನಿ. ಐಟಿ ಮತ್ತು ಕಾಲ್‌ಸೆಂಟರ್ ಉದ್ಯಮಗಳಿಗಾಗಿ ನಾಸ್ಕಾಂ ‘ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ’ ಎಂಬ ದಾಖಲೆ ವ್ಯವಸ್ಥೆಯನ್ನು ಶುರುಮಾಡಿತು. ಅದರಲ್ಲೂ ಉದ್ಯೋಗಿಯ ಬೆರಳಚ್ಚು, ಓದು, ಅನುಭವ ಎಲ್ಲ ಸೇರುತ್ತದೆ. ಕೆಜಿಎಫ್‌ನ ಗಣಿ ಕಾರ್ಮಿಕರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಯಾವ ಗಲಾಟೆಯೂ ಇಲ್ಲದೆ ಬೆರಳು ಒತ್ತಿ ಬರುತ್ತಾರೆ. ಹಾಗೆಂದು ಅಜ್ಜಂದಿರ ಆತಂಕ ತಪ್ಪಾಗಿತ್ತು ಎನ್ನಲಾಗದು. ತಮ್ಮ ಹೆಸರಿನ ಮುಂದೆ ಯಾರು ಏನು ಬರೆಯುತ್ತಾರೆ, ಬರೆದದ್ದು ತಪ್ಪಾದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಪರಿಶೀಲನಾ ಸಂಸ್ಥೆಯನ್ನು ಅಳೆಯಲು ನನ್ನ ಪ್ರಕಾರ ಇದೇ ಮುಖ್ಯ ಅಳತೆಗೋಲು. ವರದಿಯಲ್ಲಿ ತಪ್ಪಾದರೆ ಅರ್ಜಿದಾರರು ಹೋಗಿ ಕೇಳುವುದಕ್ಕೆ ಒಂದು ಬಾಗಿಲಿದೆಯೇ? ಇದ್ದರೆ ಮುಂದಿನ ಮಾತು ಆಡಬಹುದು. ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಆ ಸಂಸ್ಥೆ ಬೇಡ.

ಇಂಥ ಸಂಸ್ಥೆಗಳ ಹೆಸರನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ, ಹೇಳುವ ಅಗತ್ಯವೂ ಇಲ್ಲ. ನೀವು ಯಾರನ್ನೇ ಕರೆಸಿ, ಕೇಳಬೇಕಾದ ಪ್ರಶ್ನೆಗಳು ಒಂದೇ.

ಮೊದಲನೆಯದು: ‘ಎಲ್ಲಿಗೆ ಹೋಗಿ ವಿಚಾರಿಸುತ್ತೀರಿ?’ ಹೆಣ್ಣು ಗಂಡು ನೋಡುವಾಗ ಹಿರಿಯರು ಮನೆತನ ವಿಚಾರಿಸುತ್ತಾರಲ್ಲ, ಮದುವೆ ದಲ್ಲಾಳಿ ಹೇಳಿದ್ದನ್ನೇ ನಂಬಿ ಕೂರುವುದಿಲ್ಲ, ಗೊತ್ತಿರುವವರ ಮನೆಗೇ ಹೋಗಿ ಕೇಳುತ್ತಾರೆ. ಇಲ್ಲೂ ಹಾಗೆಯೇ. ಅಂಕಪಟ್ಟಿ ನಿಜವೇ ಎಂದು ತಿಳಿಯಬೇಕಾದರೆ ಅದನ್ನು ಕೊಟ್ಟ ಮಂಡಳಿಯನ್ನೋ ವಿಶ್ವವಿದ್ಯಾಲಯವನ್ನೋ ಕೇಳಬೇಕು. ಇಲ್ಲವೇ ಡಿಜಿಲಾಕರ್, ನ್ಯಾಷನಲ್ ಅಕಾಡೆಮಿಕ್ ಡಿಪಾಸಿಟರಿಗಳಲ್ಲಿ ವಿಶ್ವವಿದ್ಯಾಲಯವೇ ಏರಿಸಿದ ಪ್ರತಿಯನ್ನು ನೋಡಬೇಕು. ಅರ್ಜಿದಾರರು ಕೊಟ್ಟ ಜೆರಾಕ್ಸ್ ಮೇಲೆ ಕಣ್ಣಾಡಿಸಿ ‘ಸರಿಯಿದೆ’ ಎಂದು ಬರೆದರೆ ಅದು ಪರಿಶೀಲನೆಯಲ್ಲ. ಪ್ರಮಾಣಪತ್ರ ಕೊಟ್ಟ ಸಂಸ್ಥೆಯೇ ನಕಲಿಯಾಗಿರುವುದೂ ಉಂಟು. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದನ್ನು ನೋಡುವ ಅಭ್ಯಾಸ ನಿಮ್ಮ ಸಂಸ್ಥೆಗೆ ಇದೆಯೇ ಎಂದು ಕೇಳಿ.

ಈ ಪ್ರಶ್ನೆಗೆ ನಮ್ಮ ಭಾಗದಲ್ಲಿ ಇನ್ನೊಂದು ಅರ್ಥವೂ ಇದೆ. ಬಂಗಾರಪೇಟೆ, ಕೆಜಿಎಫ್ ಕಾಲೇಜುಗಳಲ್ಲಿ ಓದಿದವರ ಹಳೆಯ ಡಿಗ್ರಿಗಳು ಬೆಂಗಳೂರು ವಿಶ್ವವಿದ್ಯಾಲಯದವು. 2017ರಲ್ಲಿ ಆ ವಿಶ್ವವಿದ್ಯಾಲಯ ಹೋಳಾಗಿ, ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂದ ಮೇಲೆ ಸೇರಿದವರ ಡಿಗ್ರಿಗಳು ಅಲ್ಲಿಯವು. ಕಾಲೇಜು ಒಂದೇ, ಕಟ್ಟಡ ಒಂದೇ, ವಿಚಾರಿಸಬೇಕಾದ ಕಚೇರಿ ಮಾತ್ರ ಬೇರೆ. ಗಡಿಯಾಚೆ ಕುಪ್ಪಂ, ವಾಣಿಯಂಬಾಡಿ ಕಡೆ ಓದಿ ಬಂದವರಿಗೆ ಇನ್ನೂ ಬೇರೆ. ಈ ವ್ಯತ್ಯಾಸ ತಿಳಿಯದವರು ತಪ್ಪು ಕಚೇರಿಗೆ ಮೇಲ್ ಕಳಿಸಿ, ‘ದಾಖಲೆ ಸಿಗಲಿಲ್ಲ’ ಎಂಬ ಉತ್ತರ ತಂದು, ಅದನ್ನೇ ಅರ್ಜಿದಾರರ ತಪ್ಪು ಎಂಬಂತೆ ವರದಿ ಮಾಡುತ್ತಾರೆ.

ಎರಡನೆಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ‘ಸಿಗಲಿಲ್ಲ ಎಂಬುದನ್ನೂ ಸುಳ್ಳು ಎಂಬುದನ್ನೂ ಬೇರೆ ಬೇರೆಯಾಗಿ ಬರೆಯುತ್ತೀರಾ?’ ಈ ವರದಿಗಳಿಗೆ ಸಾಮಾನ್ಯವಾಗಿ ಬಣ್ಣ ಹಚ್ಚಿರುತ್ತಾರೆ. ಎಲ್ಲ ಸರಿ ಇದ್ದರೆ ಹಸಿರು, ವ್ಯತ್ಯಾಸವಿದ್ದರೆ ಕೆಂಪು, ನಡುವೆ ಹಳದಿ. ಅವಸರದಲ್ಲಿರುವ ಎಚ್‌ಆರ್‌ನವರು ಬಣ್ಣ ನೋಡುತ್ತಾರೆ, ಕೆಳಗಿನ ಸಾಲು ಓದುವುದಿಲ್ಲ. ಹಿಂದಿನ ಕಂಪನಿ ಮುಚ್ಚಿಹೋಗಿದ್ದರೆ, ಅಥವಾ ಅಲ್ಲಿ ಫೋನ್ ಎತ್ತುವವರೇ ಇಲ್ಲದಿದ್ದರೆ ಅದು ಅರ್ಜಿದಾರರ ತಪ್ಪೇ? ಈ ಮಾತು ಕೆಜಿಎಫ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ನೂರಾ ಇಪ್ಪತ್ತು ವರ್ಷ ನಡೆದ ಗಣಿಯೇ ಮುಚ್ಚಬಹುದಾದರೆ, ವೈಟ್‌ಫೀಲ್ಡ್‌ನ ಯಾವುದೋ ಬಾಡಿಗೆ ಮಹಡಿಯಲ್ಲಿ ಎರಡು ವರ್ಷ ಇದ್ದು ಹೋದ ಕಂಪನಿಯ ಮಾತೇನು? ಒಳ್ಳೆಯ ಪರಿಶೀಲಕರು ಅಂಥ ಕಡೆ ಕೈಚೆಲ್ಲುವುದಿಲ್ಲ. ಪೇಸ್ಲಿಪ್, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಸಂಬಳ ಜಮೆಯಾದ ಸಾಲು, ಫಾರ್ಮ್ 16, ಪಿಎಫ್ ದಾಖಲೆ ಕೇಳಿ ಪಡೆಯುತ್ತಾರೆ.

ಪಿಎಫ್ ಮಾತು ಬಂದದ್ದರಿಂದ ಒಂದು ಸೂಕ್ಷ್ಮ ಹೇಳಬೇಕು. 2014ರಿಂದ ಪಿಎಫ್ ಸದಸ್ಯರಿಗೆ ಯುಎಎನ್ ಎಂಬ ಒಂದೇ ಸಂಖ್ಯೆ ಬಂದಿದೆ. ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದು ಅದರಲ್ಲಿ ಕಾಣುತ್ತದೆ. ಪರಿಶೀಲಕರಿಗೆ ಇದು ದೊಡ್ಡ ಅನುಕೂಲ. ಆದರೆ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಎಷ್ಟೋ ಹುಡುಗ ಹುಡುಗಿಯರು ಗುತ್ತಿಗೆ ಏಜೆನ್ಸಿಯ ಮೂಲಕ ದುಡಿಯುತ್ತಾರೆ. ದಿನಾ ನಿಂತು ಕೆಲಸ ಮಾಡಿದ್ದು ದೊಡ್ಡ ಕಾರ್ಖಾನೆಯ ಲೈನ್‌ನಲ್ಲಿ, ಪಿಎಫ್ ಕಟ್ಟಿದ್ದು ಏಜೆನ್ಸಿಯ ಹೆಸರಲ್ಲಿ. ಬಯೋಡೇಟಾದಲ್ಲಿ ಕಾರ್ಖಾನೆಯ ಹೆಸರಿದ್ದು ಯುಎಎನ್‌ನಲ್ಲಿ ಏಜೆನ್ಸಿ ಇದ್ದರೆ ಕೈಗೆ ಸಿಕ್ಕಿದ್ದನ್ನು ಹೋಲಿಸುವವರು ಕೆಂಪು ಗೆರೆ ಎಳೆಯುತ್ತಾರೆ. ತಿಳಿದವರು ಇಬ್ಬರ ನಡುವಿನ ಕರಾರನ್ನು ವಿಚಾರಿಸುತ್ತಾರೆ. ಅರ್ಜಿದಾರರಿಗೂ ಒಂದು ಕಿವಿಮಾತು: ಎರಡೂ ಹೆಸರನ್ನು ಮೊದಲೇ ಬರೆದುಬಿಡಿ.

ಮೂರನೆಯ ಪ್ರಶ್ನೆ: ‘ಹೆಸರು ಹೊಂದದಿದ್ದಾಗ ಏನು ಮಾಡುತ್ತೀರಿ?’ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಬದುಕುವ ಊರು ನಮ್ಮದು. ಸೆಲ್ವಿ ಎಂಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳು ‘ಸೆಲ್ವಿ ಕೆ’. ಆ ‘ಕೆ’ ಅವಳ ತಂದೆ ಕಣ್ಣನ್. ಆಧಾರ್‌ನಲ್ಲಿ ‘ಸೆಲ್ವಿ ಕಣ್ಣನ್’. ಮದುವೆಯ ನಂತರ ತೆರೆದ ಬ್ಯಾಂಕ್ ಖಾತೆಯಲ್ಲಿ ‘ಸೆಲ್ವಿ ಮುರುಗೇಶ್’. ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಡೆ ‘ಎಸ್’ನಿಂದ ಶುರು, ಇನ್ನೊಂದು ಕಡೆ ‘ಸಿಎಚ್’ನಿಂದ. ಕಂಪ್ಯೂಟರಿಗೆ ಇವರು ನಾಲ್ಕು ಜನ. ಊರಿನಲ್ಲಿ ಎಲ್ಲರಿಗೂ ಅವಳು ಒಬ್ಬಳೇ ಸೆಲ್ವಿ. ವಿಳಾಸದ ಕಥೆಯೂ ಇಷ್ಟೇ. ಮೊದಲು ಕೆಜಿಎಫ್ ಇದ್ದದ್ದು ಬಂಗಾರಪೇಟೆ ತಾಲ್ಲೂಕಿನಲ್ಲಿ, ಈಗ ಅದೇ ಪ್ರತ್ಯೇಕ ತಾಲ್ಲೂಕು. ಹಳೆಯ ಕಾಗದದಲ್ಲಿ ಒಂದು, ಹೊಸ ಕಾಗದದಲ್ಲಿ ಇನ್ನೊಂದು, ಮನೆ ಮಾತ್ರ ಕದಲಿಲ್ಲ.

ವಿಳಾಸ ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ಗಮನಿಸಬೇಕು. ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ. ಚಾಂಪಿಯನ್ ರೀಫ್‌ನ ಹಳೆಯ ಲೈನ್ ಮನೆಗಳ ಮುಂದೆ ಗಾಡಿ ನಿಲ್ಲಿಸಿ, ಮೊಬೈಲ್ ನೋಡಿಕೊಂಡು, ‘ಅಕ್ಕಾ, ಈ ನಂಬರ್ ಮನೆ ಯಾವುದು?’ ಎಂದು ಕೇಳುತ್ತಾನೆ. ಸಾಲುಸಾಲು ಮನೆ, ಎಲ್ಲ ಒಂದೇ ಥರ, ಎಷ್ಟೋ ಬಾಗಿಲುಗಳ ಮೇಲೆ ನಂಬರ್ ಅಳಿಸಿಹೋಗಿದೆ. ಅಕ್ಕ ಹೆಸರು ಕೇಳಿ ಮನೆ ತೋರಿಸುತ್ತಾಳೆ. ಆತ ಬಾಗಿಲಿನ ಫೋಟೊ ತೆಗೆಯುತ್ತಾನೆ, ಫೋಟೊ ಜೊತೆ ಜಾಗದ ಗುರುತೂ ದಾಖಲಾಗುತ್ತದೆ. ಮನೆಯವರ ಸಹಿ ಪಡೆದು ಹೊರಡುತ್ತಾನೆ. ಇಷ್ಟು ಸಾಕು. ಆದರೆ ಕೆಲವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ‘ಯಾವ ಜಾತಿ? ಗಂಡ ಕುಡಿಯುತ್ತಾನಾ? ಚರ್ಚಿಗೆ ಹೋಗುತ್ತಾರಾ?’ ಎಂದೆಲ್ಲ ಅಕ್ಕಪಕ್ಕದವರನ್ನು ಕೆದಕುತ್ತಾರೆ. ನೌಕರಿಗೂ ಈ ಪ್ರಶ್ನೆಗಳಿಗೂ ಏನು ಸಂಬಂಧ? ಬಾಗಿಲಲ್ಲಿ ಏನು ಕೇಳಬೇಕು, ಏನು ಕೇಳಬಾರದು ಎಂದು ತಮ್ಮ ಹುಡುಗರಿಗೆ ಬರೆದು ಕೊಟ್ಟಿದ್ದಾರೆಯೇ? ಆ ಕಾಗದ ತೋರಿಸಿ ಎನ್ನಿ. ಅಲ್ಲದೆ ಗಣಿ ಕಾಲದ ಮನೆಗಳಲ್ಲಿ ತಲೆಮಾರುಗಳಿಂದ ಇದ್ದರೂ ಕಾಗದಪತ್ರ ಇನ್ನೂ ತಮ್ಮ ಹೆಸರಿಗೆ ಆಗದ ಕುಟುಂಬಗಳು ಇಲ್ಲಿ ಇವೆ. ‘ಬಾಡಿಗೆ ಕರಾರು ಎಲ್ಲಿ?’ ಎಂದು ಪಟ್ಟು ಹಿಡಿಯುವವರಿಗೆ ಈ ಊರಿನ ಚರಿತ್ರೆ ಗೊತ್ತಿಲ್ಲ ಎಂದೇ ಅರ್ಥ.

ನಾಲ್ಕನೆಯದು ಪೊಲೀಸ್, ಕೋರ್ಟಿನ ವಿಚಾರ. ಇಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅನೇಕ ಸಂಸ್ಥೆಗಳು ಕೋರ್ಟ್ ದಾಖಲೆಗಳ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕುತ್ತವೆ. ಕುಮಾರ್, ರಮೇಶ್, ಮಂಜುನಾಥ್ ಎಂದು ಹುಡುಕಿದರೆ ಎಷ್ಟು ಕೇಸು ಸಿಗಲಿಕ್ಕಿಲ್ಲ? ತಂದೆಯ ಹೆಸರು, ವಯಸ್ಸು, ವಿಳಾಸ ಎಲ್ಲ ಹೊಂದಿದ ಮೇಲೆ ಮಾತ್ರ ಅದು ಈ ವ್ಯಕ್ತಿಯ ಕೇಸು. ಪೊಲೀಸ್ ಪರಿಶೀಲನೆ ಬೇಕಾದರೆ ಕರ್ನಾಟಕದಲ್ಲಿ ಸೇವಾ ಸಿಂಧು ಮೂಲಕವೇ ಅರ್ಜಿ ಹಾಕಬಹುದು. ಕೆಜಿಎಫ್‌ಗೆ ತನ್ನದೇ ಪೊಲೀಸ್ ಜಿಲ್ಲೆ, ತನ್ನದೇ ಎಸ್ಪಿ ಇರುವುದನ್ನು ಹೊರಗಿನವರು ಮರೆಯುತ್ತಾರೆ. ಕೋಲಾರಕ್ಕೆ ಕಳಿಸಿದ ಪತ್ರ ಅಲ್ಲೇ ಕೂರುತ್ತದೆ. ಸೆಕ್ಯೂರಿಟಿ ಗಾರ್ಡ್‌ಗಳ ವಿಷಯದಲ್ಲಂತೂ ಪೂರ್ವಾಪರ ಪರಿಶೀಲನೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾನೂನಿನಡಿ ಕಡ್ಡಾಯ.

ಎಫ್‌ಐಆರ್ ಬೇರೆ, ಶಿಕ್ಷೆ ಬೇರೆ. ಹದಿನೆಂಟು ತುಂಬುವ ಮೊದಲು ಮಾಡಿದ ತಪ್ಪನ್ನು ಮುಂದೆ ಅನರ್ಹತೆಗೆ ಕಾರಣ ಮಾಡಬಾರದು ಎಂಬುದು 2015ರ ಬಾಲನ್ಯಾಯ ಕಾಯ್ದೆಯ ಸಾಮಾನ್ಯ ತತ್ವ. ಸರ್ಕಾರಿ ನೌಕರಿಯ ಪ್ರಕರಣವೊಂದರಲ್ಲಿ, ಅಂದರೆ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಕೇಳಿದ ಮಾಹಿತಿಯನ್ನು ಅರ್ಜಿದಾರರು ಮುಚ್ಚಿಡಬಾರದು. ಹಾಗೆಯೇ, ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣಪುಟ್ಟ ಪ್ರಕರಣಗಳನ್ನು ನೌಕರಿ ಕೊಡುವವರು ವಿವೇಚನೆಯಿಂದ ನೋಡಬೇಕು. ಖಾಸಗಿ ಮಾಲೀಕರಿಗೂ ಇದು ಒಳ್ಳೆಯ ದಾರಿದೀಪ. ನಿಮ್ಮ ಪರಿಶೀಲಕರು ಬರೀ ‘ಕೇಸ್ ಇದೆ’ ಎಂದು ಬರೆದರೆ ಸಾಲದು. ಯಾವ ಕೇಸು, ಯಾವ ಹಂತದಲ್ಲಿದೆ, ಯಾವ ಕೋರ್ಟು ಎಂದು ಬರೆಯಬೇಕು.

ಐದನೆಯ ಪ್ರಶ್ನೆ: ‘ನಮ್ಮವರ ಕಾಗದಪತ್ರ ನಿಮ್ಮ ಬಳಿ ಎಷ್ಟು ದಿನ ಇರುತ್ತದೆ, ಆಮೇಲೆ ಏನಾಗುತ್ತದೆ?’ ಆಧಾರ್, ಪ್ಯಾನ್, ಅಂಕಪಟ್ಟಿ, ಪೇಸ್ಲಿಪ್ ಎಲ್ಲ ಒಂದೇ ಕಡೆ ಸೇರಿದರೆ ವಂಚಕರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಮಾಲೀಕರು ಅದರಲ್ಲಿ ಎರಡು ಅಂಶ ಗಮನಿಸಬೇಕು. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಲು ಬಳಸುವ ಮಾಹಿತಿ ಪೂರ್ಣವಾಗಿ, ಸರಿಯಾಗಿ ಇರುವಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ನೀವು ನೇಮಿಸಿದ ಸಂಸ್ಥೆ ಎಡವಿದರೂ ಕಾನೂನಿನ ಮುಂದೆ ನಿಲ್ಲಬೇಕಾದವರು ನೀವೇ. ತಕ್ಕ ಭದ್ರತೆ ಇಡದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ‘ಅವರಿಗೆ ವಹಿಸಿದ್ದೆವು, ನಮಗೆ ಗೊತ್ತಿಲ್ಲ’ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಐಎಸ್‌ಒ 27001 ಎಂಬ ಮಾಹಿತಿ ಭದ್ರತೆಯ ಪ್ರಮಾಣಪತ್ರ ಇದೆಯೇ, ಹಿನ್ನೆಲೆ ಪರಿಶೀಲಕರ ಅಂತರರಾಷ್ಟ್ರೀಯ ಸಂಘ ಪಿಬಿಎಸ್‌ಎ ಸದಸ್ಯರೇ ಎಂದೂ ಕೇಳಬಹುದು. ಇದ್ದರೆ ಒಳ್ಳೆಯದು. ಆದರೆ ಗೋಡೆಯ ಮೇಲಿನ ಪ್ರಮಾಣಪತ್ರಕ್ಕಿಂತ ಕೆಳಗಿನ ಗುತ್ತಿಗೆ ಸರಪಳಿಯನ್ನು ನೋಡುವುದು ಹೆಚ್ಚು ಲಾಭ. ಬೆಂಗಳೂರಿನ ದೊಡ್ಡ ಸಂಸ್ಥೆ ಕೋಲಾರ ಜಿಲ್ಲೆಯ ಕೆಲಸವನ್ನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೊಟ್ಟಿರಬಹುದು. ಕೊನೆಯಲ್ಲಿ ಮನೆ ಬಾಗಿಲಿಗೆ ಬರುವವನ ವಾಟ್ಸಾಪ್‌ನಲ್ಲಿ ನಿಮ್ಮ ಉದ್ಯೋಗಿಯ ಆಧಾರ್ ಕೂತಿರುತ್ತದೆ. ಆ ಕೊನೆಯವನು ಯಾರ ನೌಕರ ಎಂದು ಕೇಳಿ ತಿಳಿಯಿರಿ.

ಇನ್ನು ಅರ್ಜಿದಾರರಿಗೆ ಉತ್ತರಿಸಲು ಅವಕಾಶ ಕೊಡುವ ಮಾತು. ಅಮೆರಿಕದಲ್ಲಿ ಇದಕ್ಕೊಂದು ಕಾನೂನೇ ಇದೆ. 1970ರಲ್ಲಿ ಬಂದು ಆಮೇಲೆ ತಿದ್ದುಪಡಿಯಾದ ಆ ಕಾನೂನಿನ ಪ್ರಕಾರ, ಇಂಥ ವರದಿಯ ಆಧಾರದ ಮೇಲೆ ಕೆಲಸ ನಿರಾಕರಿಸುವ ಮೊದಲು ಅದರ ಪ್ರತಿಯನ್ನು ಅರ್ಜಿದಾರರ ಕೈಗೆ ಕೊಡಬೇಕು. ನಮ್ಮಲ್ಲಿ ಇಷ್ಟು ಸ್ಪಷ್ಟವಾದ ಕಟ್ಟಳೆ ಇಲ್ಲ. ಇಲ್ಲದಿದ್ದರೇನು, ನಿಮ್ಮ ಕರಾರಿನಲ್ಲಿ ಬರೆಸಿಕೊಳ್ಳಲು ಅಡ್ಡಿಯೇನಿಲ್ಲ. ‘ಕೆಂಪು ಬಂದರೆ ಅರ್ಜಿದಾರರಿಗೆ ತಿಳಿಸಿ, ಒಂದು ವಾರ ಕಾಲ ಕೊಟ್ಟು, ಅವರ ಉತ್ತರವನ್ನೂ ವರದಿಗೆ ಸೇರಿಸಬೇಕು’ ಎಂಬ ಒಂದು ಸಾಲು ಸಾಕು. ಇದಕ್ಕೆ ಒಪ್ಪದ ಸಂಸ್ಥೆಗೆ ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇಲ್ಲ.

ಕೆಲಸ ಹುಡುಕುವ ತಮ್ಮ ತಂಗಿಯರಿಗೆ ಎರಡು ಮಾತು. ಬಿಜಿವಿಯ ಖರ್ಚು ಕಂಪನಿಯದು. ‘ವೆರಿಫಿಕೇಶನ್ ಫೀಸ್ ಕಟ್ಟಿ, ಕೆಲಸ ಗ್ಯಾರಂಟಿ’ ಎಂದು ಯಾರಾದರೂ ಕ್ಯೂಆರ್ ಕೋಡ್ ಕಳಿಸಿದರೆ ಅದು ಮೋಸ ಎಂದೇ ತಿಳಿಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿಗೆ ಫೋನ್ ಮಾಡಿ. ಅದರ ಸಂಖ್ಯೆ 1930. ಬೆರಳಚ್ಚಿನ ಮುಷ್ಕರ ನಡೆದ ವರ್ಷವೂ ಅದೇ ಆದ್ದರಿಂದ ಕೆಜಿಎಫ್‌ನವರಿಗೆ ನೆನಪಿಡುವುದು ಕಷ್ಟವಲ್ಲ. ಇನ್ನೊಂದು, ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ಕೇಳಿ. ಕೆಲಸ ಬಿಟ್ಟು ಮನೆಯಲ್ಲಿದ್ದ ತಿಂಗಳುಗಳನ್ನು ಮುಚ್ಚಲು ಯಾರದೋ ಅಂಗಡಿಯ ಅನುಭವ ಪತ್ರ ತರಬೇಡಿ. ಖಾಲಿ ಇದ್ದ ಆರು ತಿಂಗಳನ್ನು ಕಂಪನಿ ಕ್ಷಮಿಸುತ್ತದೆ, ಸುಳ್ಳು ಪತ್ರವನ್ನು ಕ್ಷಮಿಸುವುದಿಲ್ಲ.

ಬಂಗಾರಪೇಟೆಯ ಅಂಗಡಿ, ಶಾಲೆ, ನರ್ಸಿಂಗ್ ಹೋಂ ನಡೆಸುವವರಿಗೆ ದೊಡ್ಡ ಸಂಸ್ಥೆಗಳನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಡಿಜಿಲಾಕರ್ ಪ್ರತಿ ನೋಡಿ, ಹಿಂದಿನ ಮಾಲೀಕರಿಗೆ ನೀವೇ ಫೋನ್ ಮಾಡಿ, ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿ. ಶಾಲಾ ವ್ಯಾನಿನ ಡ್ರೈವರ್‌ಗೂ ಗೋದಾಮಿನ ಹಮಾಲಿಗೂ ಒಂದೇ ಮಟ್ಟದ ತಪಾಸಣೆ ಬೇಡ. ಮಕ್ಕಳು, ರೋಗಿಗಳು, ಹಣ, ಇವು ಯಾರ ಕೈಗೆ ಹೋಗುತ್ತವೋ ಅವರ ವಿಚಾರಣೆ ಹೆಚ್ಚು ಇರಲಿ.

ದೊಡ್ಡ ಕಾರ್ಖಾನೆಗಳು ಮರೆಯುವ ಇನ್ನೊಂದು ಪರಿಶೀಲನೆ ಇದೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಭೆ ಆದದ್ದು ನಿಮಗೆ ನೆನಪಿರಬಹುದು. ಸಂಬಳ ಸರಿಯಾಗಿ ಕೈಸೇರುತ್ತಿಲ್ಲ ಎಂಬ ಸಿಟ್ಟು ಅದರ ಹಿಂದಿತ್ತು. ಅಲ್ಲಿನ ಬಹುಪಾಲು ಕೆಲಸಗಾರರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಆ ಕಾರ್ಖಾನೆ ಈಗ ಟಾಟಾ ಸಮೂಹದ ಕೈಯಲ್ಲಿದೆ. ಕೆಲಸಗಾರರ ಪೂರ್ವಾಪರ ಜಾಲಾಡುವವರು ಅವರನ್ನು ಕಳಿಸುವ ಏಜೆನ್ಸಿಯ ಪೂರ್ವಾಪರವನ್ನೂ ನೋಡಬೇಕು. ಹಿಂದೆ ಸಂಬಳ ಸಮಯಕ್ಕೆ ಕೊಟ್ಟಿದ್ದಾರೆಯೇ, ಪಿಎಫ್, ಇಎಸ್‌ಐ ಕಟ್ಟಿದ್ದಾರೆಯೇ, ಗುತ್ತಿಗೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ?

‘ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಕೆಲಸಕ್ಕೆ ಬರುವವರಿಗೆ ಮಾತ್ರ ಅನ್ವಯಿಸುವುದಲ್ಲ, ಪರಾಂಬರಿಸುವವರಿಗೂ ಅನ್ವಯಿಸುತ್ತದೆ. ಹಾಗಾಗಿ ಮಾಲೀಕರಿಗೂ ಎಚ್‌ಆರ್ ಮುಖ್ಯಸ್ಥರಿಗೂ ಒಂದು ಸಲಹೆ ಕೊಟ್ಟು ಮಾತು ಮುಗಿಸುತ್ತೇನೆ. ಕರಾರಿಗೆ ಸಹಿ ಹಾಕುವ ಮೊದಲು ಆ ಸಂಸ್ಥೆಗೆ ನಿಮ್ಮದೇ ಹೆಸರು, ನಿಮ್ಮದೇ ಅಂಕಪಟ್ಟಿ, ನಿಮ್ಮದೇ ಹಳೆಯ ನೌಕರಿ, ನಿಮ್ಮದೇ ಮನೆಯ ವಿಳಾಸ ಕೊಟ್ಟು ಒಂದು ಪರಿಶೀಲನೆ ಮಾಡಿಸಿ. ನಿಮ್ಮ ಬಾಗಿಲಿಗೆ ಬಂದವರು ಪಕ್ಕದ ಮನೆಯವರನ್ನು ಏನು ಕೇಳಿದರು ಎಂದು ವಿಚಾರಿಸಿ. ನಿಮ್ಮ ಹೆಸರಿನ ಇನ್ಯಾರದೋ ಕೇಸು ನಿಮ್ಮ ತಲೆಗೆ ಬಂದಿದೆಯೇ ನೋಡಿ. ಒಂದು ತಪ್ಪು ತೋರಿಸಿ, ತಿದ್ದಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ ಎಂದು ಎಣಿಸಿ. ಆ ವರದಿ ನಿಮಗೆ ನ್ಯಾಯವಾಗಿ ಕಂಡರೆ ನಿಮ್ಮ ಅರ್ಜಿದಾರರನ್ನು ಅವರ ಕೈಗೆ ಒಪ್ಪಿಸಬಹುದು.